ನೀಲಿ ಅಂಗಿ

ಮಧ್ಯಾಹ್ನದ ಊಟದ ಗಂಟೆ ಹೊಡೆದ ಮೇಲೆ ನಾನು ಹೈಸ್ಕೂಲಿನ ಹಿಂದೆ ಹಳದಿ ಬಸ್ಸು ತಂದು ನಿಲ್ಲಿಸುತ್ತೇನೆ. ಹೈಸ್ಕೂಲು ಮುಗಿಯುವ ಮೊದಲೇ ಕಾಲೇಜಿನ ಕ್ರೆಡಿಟ್ ಗಳಿಸುವ ಮಕ್ಕಳು ಅದಕ್ಕೆ ಹತ್ತುತ್ತಾರೆ. ಅರ್ಧ ದಿನ ಸ್ಕೂಲು, ಅರ್ಧ ದಿನ ಕಾಲೇಜಿನ ಪಾಠ. ಈಗ ಗಳಿಸಿದ್ದು ನಾಳೆ ಕಾಲೇಜಿಗೆ ಸೇರಿದಾಗ ಲೆಕ್ಕಕ್ಕೆ ಬರುತ್ತದೆ. ಸ್ಕೂಲಿನ ಗೋಡೆಯ ಮೇಲೆ ಆ ಮಕ್ಕಳ ದೊಡ್ಡ ಫೋಟೋ ಇದೆ. ಬಿಳಿಯರು, ಕರಿಯರು ಒಂದೇ ಸಾಲಿನಲ್ಲಿ ನಿಂತು ಹಲ್ಲು ಬಿಟ್ಟಿದ್ದಾರೆ. ಆ ಫೋಟೋ ತೆಗೆದವನು ಒಂದು ದಿನ ನನ್ನ ಬಸ್ಸು ಹತ್ತಿ ಬರಬೇಕಿತ್ತು.

ಬಸ್ಸು ಎರಡು ಕಡೆ ನಿಲ್ಲುತ್ತದೆ. ಮೊದಲು ಊರಾಚೆ, ಮುಚ್ಚಿಹೋದ ಹತ್ತಿ ಗಿರಣಿಯ ಪಕ್ಕ, ವೃದ್ಧರನ್ನು ಇಟ್ಟುಕೊಳ್ಳುವ ಮನೆ. ಅಲ್ಲಿ ನಮ್ಮ ಕರಿಯರ ಹುಡುಗಿಯರು ಇಳಿಯುತ್ತಾರೆ, ನಾಲ್ವರು. ಆಮೇಲೆ ಹೆದ್ದಾರಿ ಹಿಡಿದರೆ ಕಾಲೇಜು. ಅಲ್ಲಿ ಉಳಿದವರು ಇಳಿಯುತ್ತಾರೆ. ಉಳಿದವರು ಅಂದರೆ ಡಾಕ್ಟರ ಮಗ, ಮೀನುಕೆರೆಗಳ ಧಣಿಯ ಮಗಳು, ಬ್ಯಾಂಕಿನವರ ಮಕ್ಕಳು. ಅವರು ಇಂಗ್ಲಿಷು, ಚರಿತ್ರೆ, ರಸಾಯನಶಾಸ್ತ್ರ ಓದುತ್ತಾರೆ. ಅವರ ಕ್ರೆಡಿಟ್ಟು ದೇಶದ ಯಾವ ವಿಶ್ವವಿದ್ಯಾಲಯಕ್ಕೆ ಹೋದರೂ ನಡೆಯುತ್ತದೆ. ನಮ್ಮವರು ಮುದುಕರ ಕುಂಡಿ ಒರೆಸುತ್ತಾರೆ. ಆ ಕ್ರೆಡಿಟ್ಟು ಈ ಕಾಲೇಜಿನ ಗೇಟು ದಾಟಿದರೆ ಬೆಲೆಯಿಲ್ಲದ ಕಾಗದ. ಎರಡಕ್ಕೂ ಹೆಸರು ಮಾತ್ರ ಒಂದೇ.

ನನ್ನ ಹೆಸರು ವರ್ನೆಲ್. ಮಿಸಿಸಿಪ್ಪಿಯ ಈ ಡೆಲ್ಟಾದಲ್ಲೇ ಹುಟ್ಟಿ ಇಲ್ಲೇ ದಪ್ಪಗಾದವಳು. ಬಾಯಿ ಜೋರು ಎಂದು ಚರ್ಚಿನಲ್ಲಿ ಹೆಸರಿದೆ, ಇರಲಿ. ಆ ನಾಲ್ವರಲ್ಲಿ ಒಬ್ಬಳು ನನ್ನ ತಂಗಿ ರೊವೀನಳ ಮಗಳು, ಜಕೇಲ. ಹದಿನೇಳು ವರ್ಷ. ನನ್ನನ್ನು ದೊಡ್ಡವ್ವ ಅನ್ನುತ್ತಾಳೆ, ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲೇ ಕೂರುತ್ತಾಳೆ. ಇದು ಅವಳಿಗೆ ಆದದ್ದು. ಅವಳು ಇದನ್ನು ಹೇಳಿಕೊಂಡು ತಿರುಗುವವಳಲ್ಲ. ನಾನು ತಿರುಗುವವಳು.

ಜಕೇಲಳಿಗೆ ನರ್ಸ್ ಆಗಬೇಕು. ನರ್ಸ್ ಅಂದರೆ ಡಿಗ್ರಿ ಮಾಡಿದ ನರ್ಸು, ಸೂಜಿ ಹಿಡಿಯುವವಳು, ಡಾಕ್ಟರ ಎದುರು ನಿಂತು ಮಾತಾಡುವವಳು. ಅದಕ್ಕೆ ರಸಾಯನಶಾಸ್ತ್ರ ಬೇಕು ಎಂದು ತಾನೇ ವಿಚಾರಿಸಿ ತಿಳಿದುಕೊಂಡು, ಸ್ಕೂಲಿನಲ್ಲಿ ಯಾರಿಗೆ ಯಾವ ಪಾಠ ಎಂದು ಹಂಚುವ ಮಿಸೆಸ್ ಟ್ರಾಸ್ಕ್ ಹತ್ತಿರ ಹೋದಳು. ಅವಳ ಅಂಕ ಡಾಕ್ಟರ ಮಗನಿಗಿಂತ ಹೆಚ್ಚಿತ್ತು. ಇದನ್ನು ಡಾಕ್ಟರ ಮಗನೇ ಬಸ್ಸಿನಲ್ಲಿ ಹೇಳಿದ, ಆ ಹುಡುಗ ಕೆಟ್ಟವನೇನಲ್ಲ. ಟ್ರಾಸ್ಕ್ ನಗುನಗುತ್ತಾ ಆ ಕ್ಲಾಸಿನ ಕುರ್ಚಿಗಳೆಲ್ಲ ತುಂಬಿವೆ ಎಂದಳಂತೆ. ನಿನ್ನಂಥವಳಿಗೆ ಕೈಕೆಲಸದ ಪಾಠ ಒಳ್ಳೆಯದು, ಆರೈಕೆಯ ಕೋರ್ಸು ತಗೋ, ಅದೂ ನರ್ಸಿಂಗಿನ ಬಾಗಿಲೇ, ಮುಗಿಸಿದ ಮಾರನೇ ದಿನ ಕೆಲಸ ಗ್ಯಾರಂಟಿ ಎಂದಳಂತೆ. ನಿಮ್ಮಮ್ಮನೂ ಅಲ್ಲೇ ಇದ್ದಾಳಲ್ಲ ಎಂದೂ ಸೇರಿಸಿದಳಂತೆ. ರೊವೀನ ಅಲ್ಲಿದ್ದದ್ದು ನಿಜ. ತಲೆಗೂದಲು ಕಪ್ಪಗಿದ್ದಾಗಿನಿಂದ ಆ ವೃದ್ಧರ ಮನೆಯ ಹಿತ್ತಲ ಕೋಣೆಯಲ್ಲಿ ಹೇಲು ಉಚ್ಚೆಯ ಹಾಸಿಗೆ ಬಟ್ಟೆ ಒಗೆಯುತ್ತಿದ್ದಾಳೆ.

ಕುರ್ಚಿ ತುಂಬಿದ ಮಾತನ್ನು ನಾನು ನಂಬಲಿಲ್ಲ. ಕಳೆದ ವರ್ಷವೂ ತುಂಬಿದ್ದವು, ಅದರ ಹಿಂದಿನ ವರ್ಷವೂ ತುಂಬಿದ್ದವು. ನಮ್ಮ ಹುಡುಗಿಯರು ಕೇಳುವ ಹೊತ್ತಿಗೆ ಸರಿಯಾಗಿ ತುಂಬುವ ಕುರ್ಚಿಗಳು ಅವು. ಆದರೆ ನಾನು ಬಸ್ಸು ಓಡಿಸುವ ಹೆಂಗಸು. ನನ್ನನ್ನು ಕೇಳುವವರು ಯಾರು.

ಶುರುವಿನಲ್ಲಿ ಕಾಲೇಜಿನಿಂದ ಮಿಸೆಸ್ ಹ್ಯಾಡ್ಲಿ ಎಂಬ ಪಾಠದವಳು ಬರುತ್ತಿದ್ದಳು. ರಬ್ಬರಿನ ಗೊಂಬೆಯನ್ನು ಮಂಚದ ಮೇಲೆ ಮಲಗಿಸಿ, ಮಗ್ಗುಲು ಬದಲಿಸುವುದು, ತೊಳೆಯುವುದು, ಎತ್ತುವುದು ಎಲ್ಲ ತೋರಿಸಿದಳು. ಎತ್ತುವಾಗ ಯಾವತ್ತೂ ಇಬ್ಬರು ಇರಬೇಕು, ಒಬ್ಬಳೇ ಎತ್ತಕೂಡದು ಎಂದಳು. ಹುಡುಗಿಯರು ಅದನ್ನು ಬಾಯಿಪಾಠ ಮಾಡಿದರು. ಆಮೇಲಾಮೇಲೆ ಅವಳ ಕಾರು ಅಲ್ಲಿ ಕಾಣುವುದೇ ಅಪರೂಪವಾಯಿತು. ಅವಳಿಗೆ ಇಂಥ ಮನೆಗಳು ಬೇರೆ ಊರುಗಳಲ್ಲೂ ಇದ್ದವು. ಗೊಂಬೆಯನ್ನೂ ತೆಗೆದುಕೊಂಡು ಹೋದಳು.

ಉಳಿದದ್ದು ನಿಜವಾದ ಮೈಗಳು. ಬೆನ್ನಡಿಯಲ್ಲಿ ಅಂಗೈ ಅಗಲದ ಹುಣ್ಣು, ಒಳಗೆ ಮೂಳೆ ಕಾಣುವಷ್ಟು ಆಳ. ಒಣಗಿ ಅಂಟಿದ ಹೇಲನ್ನು ಬಿಸಿನೀರಿನಲ್ಲಿ ನೆನೆಸಿ ನೆನೆಸಿ ತೆಗೆಯಬೇಕು, ಉಜ್ಜಿದರೆ ಚರ್ಮವೇ ಕಿತ್ತು ಬರುತ್ತದೆ. ಕಟ್ಟಿದ ಹಲ್ಲು ತೊಳೆಯಬೇಕು. ಒದೆಯುವ ಕಾಲಿಗೆ ಚೀಲ ತೊಡಿಸಬೇಕು. ಒಂದು ಮೈ ಮುಗಿಸುವಷ್ಟರಲ್ಲಿ ಪಕ್ಕದ ಕೋಣೆಯ ಗಂಟೆ ಹೊಡೆಯುತ್ತದೆ. ಸಂಜೆ ಬಸ್ಸು ಹತ್ತುವಾಗ ನಾಲ್ವರ ಸೊಂಟವೂ ನೆಟ್ಟಗಿರುತ್ತಿರಲಿಲ್ಲ, ಮುದುಕಿಯರ ಹಾಗೆ ಕಂಬಿ ಹಿಡಿದು ಹತ್ತುತ್ತಿದ್ದರು. ಇದಕ್ಕೆ ಸಂಬಳವಿಲ್ಲ. ಇದು ಪಾಠವಲ್ಲವೆ.

ಅಲ್ಲಿ ಟಲ್ಲಿ ಎಂಬ ಮುದುಕನಿದ್ದ. ಹಿಂದೆ ಕಬ್ಬಿಣದ ಅಂಗಡಿ ಇಟ್ಟಿದ್ದವನು. ಜಕೇಲ ಚಮಚದಲ್ಲಿ ಗಂಜಿ ಎತ್ತಿ ಬಾಯಿಗೆ ಹಿಡಿದರೆ ಕೈಗೆ ಹೊಡೆದು ಚೆಲ್ಲುತ್ತಿದ್ದ. ಕರಿಯಳ ಕೈಯಿಂದ ತಿನ್ನುವುದಿಲ್ಲವಂತೆ. ಬಿಳಿ ನರ್ಸು ಬಂದು ತಿನ್ನಿಸಬೇಕು. ತಿಂದ ಮೇಲೆ ಗಂಟೆ ಒತ್ತುತ್ತಿದ್ದ, ಒರೆಸಲು. ಅದಕ್ಕೆ ಬಿಳಿ ನರ್ಸು ಬರುತ್ತಿರಲಿಲ್ಲ, ಅವನು ಕೇಳುತ್ತಲೂ ಇರಲಿಲ್ಲ. ಮನೆಯ ಮ್ಯಾನೇಜರ್ ಮಿಸ್ಟರ್ ಪರ್ವಿಸ್ ಹುಡುಗಿಯರನ್ನು ಕರೆದು, ಹಳೇ ಕಾಲದ ಮನುಷ್ಯ, ನೀವೇ ಸ್ವಲ್ಪ ಹೊಂದಿಕೊಳ್ಳಿ ಎಂದ. ಜಕೇಲ ಅದನ್ನು ನನಗೆ ಬಸ್ಸಿನಲ್ಲಿ ಹೇಳಿದಳು.

"ಬಾಯಿಗೆ ನನ್ ಕೈ ಆಗಲ್ವಂತೆ ದೊಡ್ಡವ್ವ. ಕೆಳಗಡೆಗೆ ಆಯ್ತದಂತೆ."

ನನಗೆ ಸ್ಟಿಯರಿಂಗು ಮುರಿದು ಹಾಕುವಷ್ಟು ಸಿಟ್ಟು ಬಂತು. ಅವಳಿಗೆ ಮಾತ್ರ ನಗು.

ವಾಪಸು ಬರುವಾಗ ಮೊದಲು ಕಾಲೇಜಿನವರನ್ನು ಹತ್ತಿಸಿಕೊಂಡು ಆಮೇಲೆ ನಮ್ಮವರನ್ನು ಹತ್ತಿಸಿಕೊಳ್ಳುತ್ತೇನೆ. ನಮ್ಮವರು ಹತ್ತಿದ ಕೂಡಲೇ ವಾಸನೆ ಹತ್ತುತ್ತದೆ. ಎಷ್ಟು ಸೋಪು ಹಾಕಿದರೂ ಅದು ಕೂದಲಿನಲ್ಲಿ ಉಳಿಯುತ್ತದೆ. ಮೀನುಕೆರೆ ಧಣಿಯ ಮಗಳು ಒಂದು ದಿನ ಮೂಗು ಮುಚ್ಚಿಕೊಂಡು ಕಿಟಕಿ ತೆಗೆದಳು. ಅವಳ ಹಿಂದೆ ಎಲ್ಲರೂ ತೆಗೆದರು. ನಮ್ಮ ಹುಡುಗಿಯರು ತಲೆ ತಗ್ಗಿಸಿ ಕೂತರು. ನಾನು ಬಸ್ಸನ್ನು ರಸ್ತೆ ಬದಿಗೆ ಹಾಕಿ, ಎದ್ದು ಹೋಗಿ, ಒಂದೊಂದೇ ಕಿಟಕಿ ಮುಚ್ಚಿಕೊಂಡು ಬಂದೆ. ಬಸ್ಸು ಓಡುವಾಗ ಕಿಟಕಿ ತೆಗೆಯಬಾರದೆಂದು ಕಾನೂನಿದೆ ಎಂದೆ. ಅಂಥ ಕಾನೂನು ಇಲ್ಲ. ಹೀಟರು ಬೇರೆ ಹಾಕಿದೆ. ಧಣಿಯ ಮಗಳು ಊರು ಬರುವವರೆಗೆ ಉಸಿರು ಬಿಗಿಹಿಡಿದು ಕೂತಿದ್ದಳು.

ಅಂಗಿಯ ವಿಷಯಕ್ಕೆ ಬರುತ್ತೇನೆ. ಆ ಮನೆಯಲ್ಲಿ ಕೆಲಸದವರಿಗೆ ನೀಲಿ ಅಂಗಿ, ಕಲಿಯುವ ಹುಡುಗಿಯರಿಗೆ ಕೆಂಪು. ದೂರದಿಂದಲೇ ಗೊತ್ತಾಗಬೇಕು, ಇವಳನ್ನು ಎಣಿಸುವುದೋ ಬೇಡವೋ ಎಂದು. ಸರ್ಕಾರದ ತಪಾಸಣೆಯವರು ಬರುತ್ತಾರೆ ಎಂದು ಸುದ್ದಿ ಬಂದ ದಿನ ಪರ್ವಿಸ್ ನಾಲ್ವರಿಗೂ ನೀಲಿ ಅಂಗಿ ಕೊಟ್ಟ. ಇಷ್ಟು ಮುದುಕರಿಗೆ ಇಷ್ಟು ಕೆಲಸದವರು ಇರಬೇಕೆಂದು ಲೆಕ್ಕವಿದೆ, ತಪಾಸಣೆಯವರು ನೀಲಿ ಅಂಗಿಯ ತಲೆ ಎಣಿಸಿಕೊಂಡು ಹೋದರು. ಆಮೇಲೆ ಕೆಂಪು ಅಂಗಿಯನ್ನು ವಾಪಸು ಕೊಡಲೇ ಇಲ್ಲ.

ಅದರಲ್ಲಿ ಏನು ಮೋಸವಿದೆ ಎಂದು ನಮಗೆ ಆಗ ಹೊಳೆಯಲಿಲ್ಲ. ನಮಗದು ಬಡ್ತಿ ಸಿಕ್ಕಿದ ಹಾಗೆ ಕಂಡಿತು. ಹುಡುಗಿಯರು ಬಸ್ಸಿನ ಮುಂದೆ ನಿಂತು ಒಬ್ಬರಿಗೊಬ್ಬರು ಫೋಟೋ ತೆಗೆದುಕೊಂಡರು. ರೊವೀನ ಮಗಳ ನೀಲಿ ಅಂಗಿಗೆ ಭಾನುವಾರದ ಬಟ್ಟೆಗೆ ಹಾಕುವ ಹಾಗೆ ಗಂಜಿ ಹಾಕಿ ಇಸ್ತ್ರಿ ಮಾಡಿದಳು. ನಾನು ಪೀಚ್ ಹಣ್ಣಿನ ಸಿಹಿ ಮಾಡಿ ಚರ್ಚಿಗೆ ಹೊತ್ತುಕೊಂಡು ಹೋಗಿ ಹಂಚಿದೆ. ಪಾದ್ರಿಗಳು ಎಲ್ಲರೆದುರು ಜಕೇಲಳನ್ನು ಎಬ್ಬಿಸಿ ನಿಲ್ಲಿಸಿ ಹರಸಿದರು. ನಗರದ ವಿಶ್ವವಿದ್ಯಾಲಯದವರು ಅವಳಿಗೆ ನರ್ಸಿಂಗಿನಲ್ಲಿ ಸೀಟು, ವಿದ್ಯಾರ್ಥಿವೇತನ ಎರಡೂ ಕೊಡುತ್ತೇವೆ ಎಂದದ್ದೂ ಅದೇ ತಿಂಗಳು. ಹೈಸ್ಕೂಲಿನ ಈ ಕೊನೇ ವರ್ಷದ ಎಲ್ಲ ಪಾಠ ಪಾಸಾಗಬೇಕು, ಅಷ್ಟೇ ಷರತ್ತು.

ನೀಲಿ ಅಂಗಿ ಹಾಕಿಸಿದ ಮೇಲೆ ಪರ್ವಿಸ್ ಇನ್ನೊಂದು ಕೆಲಸ ಮಾಡಿದ. ಹುಡುಗಿಯರು ಬರುವ ದಿನ ಮಧ್ಯಾಹ್ನದ ಪಾಳಿಯಲ್ಲಿ ಸಂಬಳದ ಇಬ್ಬರು ಕೆಲಸದವರಲ್ಲಿ ಒಬ್ಬಳನ್ನು ಮನೆಗೆ ಕಳಿಸತೊಡಗಿದ. ಪೂರ್ವದ ಸಾಲಿನ ಕೋಣೆಗಳಿಗೆಲ್ಲ ಉಳಿದವಳು ಬರ್ನೀಸ್ ಒಬ್ಬಳೇ. ಬರ್ನೀಸ್ ನಮ್ಮ ಚರ್ಚಿನವಳು, ಮಂಡಿನೋವಿನ ಹೆಂಗಸು. ಅವಳು ಮತ್ತು ನಾಲ್ವರು ಮಕ್ಕಳು.

ಮಾರ್ಚಿನಲ್ಲಿ ಯೂನಿಸಮ್ಮ ಬಿದ್ದಳು.

ಯೂನಿಸ್ ಒಳ್ಳೆಯ ಮುದುಕಿ, ಬಿಳಿಯಳು, ಹಿಂದೆ ಪೋಸ್ಟಾಫೀಸಿನಲ್ಲಿದ್ದವಳು. ಭಾರೀ ಶರೀರ, ಎಡಗಡೆ ಪೂರ್ತಿ ಬಿದ್ದುಹೋಗಿತ್ತು. ಜಕೇಲಳನ್ನು ಡಾಕ್ಟರಮ್ಮ ಎಂದು ಕರೆಯುತ್ತಿದ್ದಳು. ಆ ದಿನ ಅವಳಿಗೆ ಪಾಯಿಖಾನೆಗೆ ಅವಸರವಾಯಿತು. ಹಾಸಿಗೆಯಲ್ಲಿ ಮಾಡಿಕೊಳ್ಳುವುದು ಅವಳಿಗೆ ಸಾವಿಗಿಂತ ಕಷ್ಟ, ಅಳುತ್ತಿದ್ದಳು. ಜಕೇಲ ಎರಡನೆಯವರಿಗಾಗಿ ಗಂಟೆ ಒತ್ತಿದಳು. ಯಾರೂ ಬರಲಿಲ್ಲ. ಬರ್ನೀಸ್ ಆ ತುದಿಯ ಕೋಣೆಯಲ್ಲಿ ಗಂಟಲಿಗೆ ತುತ್ತು ಸಿಕ್ಕಿಹಾಕಿಕೊಂಡ ಮುದುಕನ ಬೆನ್ನು ಗುದ್ದುತ್ತಿದ್ದಳು. ಉಳಿದ ಮೂವರು ಹುಡುಗಿಯರ ಕೈಯಲ್ಲೂ ಒಂದೊಂದು ಮೈ. ಜಕೇಲ ಬಾಗಿಲಿಗೆ ಬಂದು ನಿಂತಳು. ಅಷ್ಟರಲ್ಲಿ ಪರ್ವಿಸ್ ಆ ಓಣಿಯಲ್ಲಿ ಬಂದ. ಎರಡನೆಯವರು ಬೇಕು ಎಂದಳು. ಅವನು ನಿಲ್ಲಲೂ ಇಲ್ಲ. ನೀಲಿ ಅಂಗಿ ಹಾಕಿದ್ದೀಯಲ್ಲ, ಬಾಗಿಲಲ್ಲಿ ನಿಂತು ಏನು ನೋಡ್ತೀಯ, ಎತ್ತು ಎಂದು ಹೇಳಿ ಮುಂದೆ ಹೋದ.

ಎತ್ತಿದಳು. ಮುದುಕಿಯ ಬಲಗಾಲು ಒದ್ದೆ ನೆಲದ ಮೇಲೆ ಜಾರಿತು. ಬೀಳುವ ಮೈಯ ಕೆಳಗೆ ಜಕೇಲ ತನ್ನ ಮೈ ಕೊಟ್ಟಳು. ಇಬ್ಬರೂ ಬಿದ್ದರು. ಮುದುಕಿಯ ಸೊಂಟ ಮುರಿಯಿತು, ಹುಡುಗಿಯ ಮಣಿಕಟ್ಟು ಮುರಿಯಿತು. ಸಂಜೆ ನಾನು ಬಸ್ಸಿನ ಬಾಗಿಲು ತೆಗೆದಾಗ ಅವಳ ಕೈ ಬದನೆಕಾಯಿಯ ಹಾಗೆ ಊದಿತ್ತು. ಅಷ್ಟು ನರ್ಸುಗಳಿರುವ ಮನೆಯಲ್ಲಿ ಒಬ್ಬರೂ ಒಂದು ತುಂಡು ಐಸ್ ಇಟ್ಟಿರಲಿಲ್ಲ. ಕೆಲಸದವಳಾಗಿದ್ದರೆ ಮನೆಯ ಖರ್ಚಿನಲ್ಲಿ ಡಾಕ್ಟರು ನೋಡುತ್ತಿದ್ದರಂತೆ. ಇವಳು ವಿದ್ಯಾರ್ಥಿಯಂತೆ. ಎತ್ತುವಾಗ ಕೆಲಸದವಳು, ಮುರಿದ ಮೇಲೆ ವಿದ್ಯಾರ್ಥಿ. ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ, ಕಾಲೇಜಿನ ಮಕ್ಕಳನ್ನೂ ಸೇರಿಸಿ, ಅದೇ ಬಸ್ಸಿನಲ್ಲಿ. ಅವತ್ತು ಕಿಟಕಿಯ ಮಾತು ಯಾರೂ ಎತ್ತಲಿಲ್ಲ.

ಒಂದು ವಾರ ಕಳೆಯುವುದರೊಳಗೆ ಯೂನಿಸ್ ಸತ್ತಳು. ಅವಳ ಮಗ ವಕೀಲನನ್ನು ಕರೆದುಕೊಂಡು ಬಂದು, ಅಮ್ಮನನ್ನು ಬೀಳಿಸಿದವರು ಯಾರು ಎಂದು ಕೇಳಿದ. ಮನೆಯವರಿಗೆ ಈಗ ಒಂದು ಉತ್ತರ ಬೇಕಾಯಿತು.

ಉತ್ತರ ಹುಡುಕಿಕೊಂಡು ಪರ್ವಿಸ್ ಹೋದದ್ದು ಬಟ್ಟೆ ಒಗೆಯುವ ಕೋಣೆಗೆ. ಅಷ್ಟು ವರ್ಷಗಳಲ್ಲಿ ಆ ಕೋಣೆಗೆ ಅವನು ಬಂದದ್ದು ಅದೇ ಮೊದಲು ಎಂದು ರೊವೀನ ಹೇಳಿದಳು. ಕುರ್ಚಿ ಎಳೆದುಕೊಂಡು ಕೂತನಂತೆ, ಮನೆಯವರ ಕ್ಷೇಮ ಕೇಳಿದನಂತೆ. ನಿನ್ನ ಮಗಳು ಉತ್ಸಾಹದ ಹುಡುಗಿ, ಕಲಿಸಿದ್ದನ್ನು ಮರೆತು ತಾನಾಗಿಯೇ ಒಬ್ಬಳೇ ಎತ್ತಿದಳು, ಅಷ್ಟು ಒಪ್ಪಿಕೊಂಡರೆ ಸಾಕು ಎಂದನಂತೆ. ಮಕ್ಕಳು ತಪ್ಪು ಮಾಡುತ್ತಾರೆ, ಮಕ್ಕಳ ಮೇಲೆ ಯಾರೂ ಕೇಸು ಹಾಕುವುದಿಲ್ಲ. ಮಿಸೆಸ್ ಹ್ಯಾಡ್ಲಿ ಪಾಸು ಮಾಡುತ್ತಾಳೆ, ಕ್ರೆಡಿಟ್ಟು ಸಿಗುತ್ತದೆ. ಒಪ್ಪಿಕೊಳ್ಳದಿದ್ದರೆ ಕೋರ್ಸಿನಲ್ಲಿ ಫೇಲು. ಅದು ಹೈಸ್ಕೂಲಿನ ಫೇಲಲ್ಲ, ಕಾಲೇಜಿನ ಫೇಲು. ಅಳಿಸಲು ಬರುವುದಿಲ್ಲ, ಎಲ್ಲಿಗೆ ಅರ್ಜಿ ಹಾಕಿದರೂ ಜೊತೆಗೆ ಹೋಗುತ್ತದೆ. ಇಷ್ಟು ಹೇಳಿ, ಬಟ್ಟೆ ಒಗೆಯಲು ಹೊಸ ದೊಡ್ಡ ಯಂತ್ರ ಹಾಕಿಸುವ ಯೋಚನೆ ಇದೆ, ಕೈ ಕಡಿಮೆ ಮಾಡಬೇಕಾಗಬಹುದು ಎಂದೂ ಹೇಳಿ ಎದ್ದನಂತೆ.

ಭಾನುವಾರ ಚರ್ಚು ಮುಗಿದ ಮೇಲೆ ರೊವೀನ ಮಗಳನ್ನು ಕರೆದುಕೊಂಡು ನನ್ನ ಮನೆಗೆ ಬಂದಳು. ಮುಂದಿನ ಜಗುಲಿಯಲ್ಲಿ ಕೂತೆವು. ನಾನು ಕೋಳಿ ಹುರಿದಿದ್ದೆ, ಯಾರೂ ಮುಟ್ಟಲಿಲ್ಲ. ಜಕೇಲಳ ಕೈಗೆ ಬಿಳಿ ಕಟ್ಟು, ಕೊರಳಿಂದ ತೂಗುಬಿಟ್ಟಿತ್ತು.

"ಒಂದ್ ಮಾತು ತಾನೆ ಮಗಾ," ಎಂದಳು ರೊವೀನ. "ಅಂದ್ಬುಡು. ಆ ಯಮ್ಮ ಹೋಗವ್ಳೆ, ದೇವ್ರು ಕರ್ಕಂಡವ್ನೆ. ನೀನ್ ಏನಂದ್ರೂ ಎದ್ ಬರಲ್ಲ. ನೀನಾದ್ರೂ ಹೋಗು ಇಲ್ಲಿಂದ. ನನ್ ಕೈ ನೋಡು. ಈ ಕೈ ನಿಂಗೂ ಬೇಕಾ?"

ಕೈ ಮುಂದೆ ಚಾಚಿದಳು. ಬ್ಲೀಚಿಂಗ್ ನೀರಿನಲ್ಲಿ ನೆಂದು ನೆಂದು ಬೆರಳ ಸಂದಿಯ ಚರ್ಮ ಸುಲಿದ ಕೈ. ಉಗುರುಗಳೇ ಇಲ್ಲ. ನಾನು ಬೇರೆ ಕಡೆ ನೋಡಿದೆ. ಜಕೇಲ ಆ ಕೈಯನ್ನು ತನ್ನ ಒಳ್ಳೆಯ ಕೈಯಿಂದ ಹಿಡಿದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ದೊಡ್ಡವ್ವ, ಅವ್ರು ಹೇಳಿದಂಗ್ ಹೇಳುದ್ರೆ ಪಾಸು. ಆದ್ರೆ ಆಗ ಯೂನಿಸಮ್ಮನ್ ಕೊಂದೋಳು ನಾನೇ ಅಲ್ವಾ? ಅವ್ರ ಮಗ ಹಂಗೇ ತಿಳ್ಕತಾನೆ. ನಾಳೆ ನರ್ಸಾಗಿ ಯಾರ್ ಮೈ ಮುಟ್ಲಿ ನಾನು?"

ಬಾಯಿ ಜೋರಿನ ನಾನು ಕೋಳಿಯ ತಟ್ಟೆಯ ಮೇಲೆ ಕೂತ ನೊಣ ಓಡಿಸುತ್ತಾ ಕೂತೆ. ಸುಳ್ಳು ಹೇಳು ಎನ್ನಲು ನಾಲಿಗೆ ಬರಲಿಲ್ಲ. ಬೇಡ ಎಂದರೆ ರೊವೀನಳ ಅನ್ನ ಹೋಗುತ್ತದೆ. ಅವರಿಬ್ಬರೂ ಕತ್ತಲಾಗುವ ಮುಂಚೆ ಎದ್ದು ಹೋದರು.

ಸ್ಕೂಲಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಸಭೆ ಕರೆದರು. ತಾಯಿ ಬರಬೇಕಿತ್ತು. ರೊವೀನ ಅವರ ಎದುರು ನಿಲ್ಲಲು ತನ್ನಿಂದ ಆಗುವುದಿಲ್ಲ ಎಂದಳು, ನಾನು ಹೋದೆ. ಪ್ರಿನ್ಸಿಪಾಲರು ಬೇರೆ ಕೆಲಸದ ಮೇಲೆ ಹೋಗಿದ್ದರು, ಹೋಗುವುದೇ ಜಾಣತನ. ಟ್ರಾಸ್ಕ್, ಪರ್ವಿಸ್, ಹ್ಯಾಡ್ಲಿ ಮೇಜಿನ ಆಚೆ ಕೂತಿದ್ದರು. ಈಚೆ ಒಂದೇ ಕುರ್ಚಿ ಇತ್ತು. ಜಕೇಲಳನ್ನು ಕೂರಿಸಿ ನಾನು ನಿಂತೆ.

ಟ್ರಾಸ್ಕ್ ಜೇನಿನ ದನಿಯಲ್ಲಿ ಶುರು ಮಾಡಿದಳು. ನಿನ್ನ ಒಳ್ಳೆಯದಕ್ಕೇ ಇಲ್ಲಿ ಸೇರಿದ್ದೇವೆ, ಯಾರೂ ನಿನ್ನನ್ನು ಬೈಯುವುದಿಲ್ಲ ಎಂದಳು. ನಡೆದದ್ದನ್ನು ನಿನ್ನ ಬಾಯಿಂದ ಹೇಳು ಎಂದಳು. ಜಕೇಲ ಹೇಳಿದಳು. ಗಂಟೆ ಒತ್ತಿದ್ದು, ಯಾರೂ ಬರದಿದ್ದದ್ದು, ಬಾಗಿಲಿಗೆ ಬಂದದ್ದು, ಪರ್ವಿಸ್ ಅಂದದ್ದು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ.

ಪರ್ವಿಸ್ ತಾನು ಆ ದಿನ ಆ ಓಣಿಗೆ ಬಂದ ನೆನಪೇ ಇಲ್ಲ ಎಂದ. ವಿದ್ಯಾರ್ಥಿಗಳಿಗೆ ಕೆಂಪು ಅಂಗಿ ಎಂದು ನಿಯಮವಿದೆ, ಇವಳು ನೀಲಿ ಅಂಗಿ ಯಾಕೆ ಹಾಕಿದ್ದಳು, ಕೇಳಿ ಎಂದ. ಆ ಅಂಗಿಯ ಮೋಸ ನನಗೆ ಆಗ ಹೊಳೆಯಿತು. ಗಂಜಿ ಹಾಕಿ ಇಸ್ತ್ರಿ ಮಾಡಿದ್ದೆವಲ್ಲ, ಸಿಹಿ ಹಂಚಿದ್ದೆವಲ್ಲ.

"ನೀವ್ ಕೊಟ್ರಿ, ಹಾಕ್ಕೊಂಡೆ," ಎಂದಳು ಜಕೇಲ.

"ಇವರು ಸುಳ್ಳು ಹೇಳ್ತಿದಾರೆ ಅಂತೀಯಾ?" ಎಂದಳು ಟ್ರಾಸ್ಕ್.

"ಹೌದು."

ನಮ್ಮ ಕಡೆಯ ಹುಡುಗಿ ಬಿಳಿಯ ಗಂಡಸಿನ ಎದುರು ಕೂತು ಹಾಗೆ ಹೌದು ಅಂದದ್ದನ್ನು ನಾನು ಈ ಊರಿನಲ್ಲಿ ಕೇಳಿರಲಿಲ್ಲ. ಟ್ರಾಸ್ಕ್ ದನಿಯ ಜೇನು ಹೋಯಿತು. ಪರ್ವಿಸ್ ಮಾತ್ರ ಮೆತ್ತಗಾದ, ಬೇರೆ ದಾರಿ ಹಿಡಿದ. ನಿನಗೆ ಎತ್ತು ಎಂದು ಹೇಳಿದವಳು ಬರ್ನೀಸ್ ಇರಬಹುದು, ಗಡಿಬಿಡಿಯಲ್ಲಿ ನಿನಗೆ ನೆನಪು ಕಲಸಿರಬಹುದು, ಬರ್ನೀಸ್ ಎಂದರೂ ಆಯಿತು, ನಿನ್ನ ಪಾಸಿಗೆ ತೊಂದರೆಯಿಲ್ಲ ಎಂದ. ಅವನಿಗೆ ಒಂದು ಕರಿ ಮೈ ಬೇಕಿತ್ತು. ಯಾವುದಾದರೂ ಆದೀತು.

ಜಕೇಲ ಕಟ್ಟು ಹಾಕಿದ ಕೈಯನ್ನು ಮೇಜಿನ ಮೇಲಿಟ್ಟಳು.

"ಬರ್ನೀಸಮ್ಮ ಇನ್ನೊಬ್ರ ಜೀವ ಉಳಿಸ್ತಿದ್ರು," ಎಂದಳು. "ಅವ್ರ ಜೊತೇಲಿರೋಳನ್ನ ಮನೆಗ್ ಕಳ್ಸಿದ್ದು ನೀವು. ಅಂಗಿ ಕೊಟ್ಟಿದ್ದು ನೀವು. ಎತ್ತು ಅಂದಿದ್ದು ನೀವು. ಬೀಳೋವಾಗ ಕೆಳಗಿದ್ದೋಳು ಮಾತ್ರ ನಾನು. ನಾನ್ ಹೇಳಲ್ಲ. ಫೇಲ್ ಮಾಡ್ಕಳಿ."

ಆಮೇಲೆ ಹ್ಯಾಡ್ಲಿ ಕಡೆ ತಿರುಗಿ, ನಮಗೆ ಕಲಿಸುವವರು ನೀವು, ನೀವು ಆ ದಿನ ಎಲ್ಲಿದ್ದಿರಿ ಎಂದು ಕೇಳಿದಳು. ಹ್ಯಾಡ್ಲಿ ಕನ್ನಡಕ ತೆಗೆದು ಒರೆಸಿಕೊಂಡಳು. ಅವಳ ಕಣ್ಣು ಕೆಂಪಾಗಿತ್ತು. ಕೆಂಪಾದ ಕಣ್ಣಿಂದ ನಮಗೇನು ಲಾಭ. ಅವಳೇ ಫೇಲು ಎಂದು ಹಾಕಿದಳು.

ಮಾರನೇ ದಿನ ಉಳಿದ ಮೂವರು ಆ ಮನೆಯ ಮುಂದೆ ಎಂದಿನಂತೆ ಇಳಿದರು. ಅವರಿಗೆ ಮತ್ತೆ ಕೆಂಪು ಅಂಗಿ ಕೊಟ್ಟಿದ್ದರು. ಅವರನ್ನು ನಾನು ಬೈಯುವುದಿಲ್ಲ. ಅವರಿಗೂ ತಾಯಂದಿರಿದ್ದಾರೆ. ಒಬ್ಬಳು ಮೆಟ್ಟಿಲ ಮೇಲೆ ನಿಂತು ತಿರುಗಿ ನನ್ನ ಹಿಂದಿನ ಖಾಲಿ ಸೀಟು ನೋಡಿದಳು, ಆಮೇಲೆ ಇಳಿದಳು. ವಿಶ್ವವಿದ್ಯಾಲಯದವರು ವಿದ್ಯಾರ್ಥಿವೇತನ ವಾಪಸು ತೆಗೆದುಕೊಂಡರು, ಸೀಟೂ ಹೋಯಿತು. ರೊವೀನಳ ಪಾಳಿ ಅರ್ಧಕ್ಕೆ ಇಳಿಯಿತು. ಬಟ್ಟೆ ಒಗೆಯುವ ಹೊಸ ಯಂತ್ರ ಬರಲಿಲ್ಲ, ಬರುವುದೂ ಇಲ್ಲ. ಯೂನಿಸಳ ಮಗನಿಗೆ ಯಾರು ಏನು ಹೇಳಿದರೋ, ದುಡ್ಡು ಕೊಟ್ಟು ಸುಮ್ಮನಾಗಿಸಿದರು ಎಂದು ಊರು ಮಾತಾಡಿತು. ಪರ್ವಿಸ್ ಇನ್ನೂ ಅಲ್ಲೇ ಇದ್ದಾನೆ. ರೊವೀನ ಮಗಳ ಜೊತೆ ಬಹಳ ದಿನ ಮಾತು ಬಿಟ್ಟಿದ್ದಳು. ಆಮೇಲೆ ಒಂದು ದಿನ ಅವಳೇ ಮಗಳ ತಲೆ ಬಾಚಿ ಜಡೆ ಹೆಣೆದಳು.

ಬೇಸಗೆಯೆಲ್ಲ ಜಕೇಲ ಅಗ್ಗದ ಸಾಮಾನು ಮಾರುವ 'ಡಾಲರ್ ಅಂಗಡಿ'ಯ ಗಲ್ಲಾಪೆಟ್ಟಿಗೆಯ ಮುಂದೆ ನಿಂತಳು, ಮುರಿದ ಕೈ ಪೂರ್ತಿ ಕೂಡುವ ಮುಂಚೆಯೇ. ಆಗಸ್ಟಿನಲ್ಲಿ, ನಾನು ಕಾಲೇಜಿಗೆ ಸೇರುತ್ತೇನೆ ದೊಡ್ಡವ್ವ, ಇಲ್ಲೇ, ನಮ್ಮ ಜಿಲ್ಲೆಯ ಕಾಲೇಜಿಗೇ, ಮೊದಲಿಂದ ಶುರು ಮಾಡುತ್ತೇನೆ ಎಂದಳು. ಸೀಟು ಯಾರಿಗಾದರೂ ಕೊಡುತ್ತಾರೆ ಅಲ್ಲಿ. ನನ್ನ ಕಾರಿನಲ್ಲಿ ಕರೆದುಕೊಂಡು ಹೋದೆ. ಎಷ್ಟೋ ವರ್ಷ ಆ ಗೇಟಿಗೆ ಮಕ್ಕಳನ್ನು ತಂದು ಬಿಟ್ಟಿದ್ದೇನೆ. ಒಳಗೆ ಕಾಲಿಟ್ಟದ್ದು ಅವತ್ತೇ. ಜನ ತುಂಬಿದ್ದರು, ಪಾಠಗಳು ಆಗಲೇ ಶುರುವಾಗಿದ್ದವು.

ಹೆಸರು ಹಚ್ಚುವ ಕಿಟಕಿಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಹೆಂಗಸಿದ್ದಳು. ಒಳ್ಳೆಯವಳೇ, ಚೂಯಿಂಗ್ ಗಮ್ ಅಗಿಯುತ್ತಾ ನಗುತ್ತಿದ್ದಳು. ಜಕೇಲಳ ಹೆಸರನ್ನು ಕಂಪ್ಯೂಟರಿಗೆ ಹೊಡೆದು ನೋಡಿ ಅಗಿಯುವುದನ್ನು ನಿಲ್ಲಿಸಿದಳು. ನೀನು ಹೊಸಬಳಲ್ಲ, ಇಲ್ಲಿ ಆಗಲೇ ಓದಿದ್ದೀಯ, ಫೇಲಾಗಿದ್ದೀಯ ಎಂದಳು.

"ಈ ಕಟ್ಟಡದೊಳಕ್ಕೆ ನಾನ್ ಕಾಲಿಟ್ಟಿರೋದು ಇವತ್ತೇ," ಎಂದಳು ಜಕೇಲ.

ಕಂಪ್ಯೂಟರಿನಲ್ಲಿ ಹಾಗೆ ಇಲ್ಲ ಎಂದಳು ಆಕೆ. ಫೇಲಾದವರಿಗೆ ಒಂದು ನಿಯಮವಿತ್ತು. ಫೇಲಾದ ಆ ಕೋರ್ಸನ್ನು ಮತ್ತೆ ಮಾಡಿ ಪಾಸಾಗುವವರೆಗೆ ರಸಾಯನಶಾಸ್ತ್ರವಿಲ್ಲ, ಯಾವ ಕ್ಲಾಸೂ ಇಲ್ಲ, ಸರ್ಕಾರದ ಸಹಾಯಧನವೂ ಇಲ್ಲ. ಈ ಸಲವೂ ಆ ಕೋರ್ಸು ಇದೆ, ಈಗಲೇ ಹೆಸರು ಹಚ್ಚಲೇ ಎಂದು ಕೇಳಿದಳು. ಎಲ್ಲಿ ನಡೆಯುತ್ತದೆ ಎಂದಳು ಜಕೇಲ. ಆಕೆ ಪರದೆ ನೋಡಿ ಓದಿದಳು. ಹತ್ತಿ ಗಿರಣಿಯ ಪಕ್ಕ, ವೃದ್ಧರ ಮನೆ. ಅಲ್ಲಿನ ಮ್ಯಾನೇಜರ್ ಮಿಸ್ಟರ್ ಪರ್ವಿಸ್ ಎಂದವರನ್ನು ಕಾಣಬೇಕು ಎಂದಳು.

ನಾನು ಕಿಟಕಿಯ ಕಟ್ಟೆ ಹಿಡಿದುಕೊಂಡೆ. ಅಳಬಾರದು ಎಂದುಕೊಂಡೆ, ಆದರೂ ಅತ್ತೆ. ಜಕೇಲ ಅಳಲಿಲ್ಲ. ರಸಾಯನಶಾಸ್ತ್ರದ ಪಾಠ ಯಾವ ಕೋಣೆಯಲ್ಲಿ ಎಂದು ಕೇಳಿದಳು. ಆಕೆ ಯೋಚಿಸದೆ, ಮಹಡಿ ಮೇಲೆ, ಎಡಕ್ಕೆ ಮೊದಲನೇದು, ಈಗ ನಡೀತಾ ಇದೆ ಎಂದಳು. ಮಾತು ಬಾಯಿಂದ ಹೊರಬಿದ್ದ ಮೇಲೆ ಅಯ್ಯೋ ಎಂದು ಎದ್ದು ನಿಂತಳು. ಜಕೇಲ ಆಗಲೇ ಮೆಟ್ಟಿಲು ಹತ್ತುತ್ತಿದ್ದಳು.

ಅವಳನ್ನು ವಾಪಸು ಕರೆಯಿರಿ ಎಂದು ಆಕೆ ನನಗೆ ಹೇಳಿದಳು. ಅವಳ ಹೆಸರು ಆ ಕ್ಲಾಸಿನಲ್ಲಿಲ್ಲ, ಕೂರುವ ಹಾಗಿಲ್ಲ, ಕಾವಲಿನವರನ್ನು ಕರೆಯಬೇಕಾಗುತ್ತದೆ ಎಂದಳು. ಮೇಲೆ ಒಂದು ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಆಮೇಲೆ ಕುರ್ಚಿ ಎಳೆದ ಸದ್ದು.

"ಕಾವಲಿನವರನ್ನ ಕರೀರಿ ತಾಯಿ," ಎಂದೆ. "ಅವರು ಬರೋಗಂಟ ಅವ್ಳು ಪಾಠ ಕೇಳ್ತಾಳೆ."

ನಾನು ದಪ್ಪ ಹೆಂಗಸು. ಹೋಗಿ ಮೆಟ್ಟಿಲಿಗೆ ಅಡ್ಡ ನಿಂತೆ.